ಕಯೋಟಿಗೆ ಯಾವ ತೋಟಾ, ಎಷ್ಟು ದೂರಕ್ಕೆ? ಒಂದು ತೆಂಗಿನಕಾಯಿ ಲೆಕ್ಕ

ಕೆಲಸದ ಮೇಲೆ ಎರಡು ವರ್ಷ ಅಮೆರಿಕದ ನೆಬ್ರಾಸ್ಕಾದಲ್ಲಿದ್ದೆ. ಪಶ್ಚಿಮದ ಕಡೆ, ಬರೀ ಹುಲ್ಲುಗಾವಲು, ದನ, ಗಾಳಿ. ಒಂದು ಶನಿವಾರ ಪಕ್ಕದ ದನದ ಫಾರಂ ಯಜಮಾನರ ಜೊತೆ ಕಯೋಟಿ ಬೇಟೆಗೆ ಬಂದೂಕಿನ ತೋಟಾ ತರೋದಕ್ಕೆ ಹೋದೆ. ಅಂಗಡಿಯ ಒಂದು ಗೋಡೆ ಪೂರ್ತಿ ಪುಟ್ಟ ಪುಟ್ಟ ಡಬ್ಬಿಗಳು. .223, .22-250, .204, .243. ಅವುಗಳಲ್ಲೇ ಮತ್ತೆ 40 ಗ್ರೇನ್, 55 ಗ್ರೇನ್, 69 ಗ್ರೇನ್. ಥೇಟ್ ನಮ್ಮೂರ ಮೆಡಿಕಲ್ ಶಾಪ್. ಯಜಮಾನರು ಹಿಂದೆ ಮುಂದೆ ನೋಡದೆ ಒಂದೇ ತರದ ಎರಡು ಡಬ್ಬಿ ತೆಗೆದುಕೊಂಡರು. ಇದೇ ಯಾಕೆ ಅಂತ ಕೇಳಿದೆ. "ನನ್ನ ಬಂದೂಕಿಗೆ ಇದು ಇಷ್ಟ" ಅಂದರು.

ತಮಾಷೆ ಅಂದುಕೊಂಡೆ. ಅದು ತಮಾಷೆಯಲ್ಲ ಅಂತ ಗೊತ್ತಾಗೋದಕ್ಕೆ ಒಂದು ಚಳಿಗಾಲ ಬೇಕಾಯಿತು.

ಮೊದಲು ಪ್ರಾಣಿಯ ವಿಷಯ. ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಬಯಲು ಸೀಮೆಯದ್ದು ಸುಮಾರು 10ರಿಂದ 15 ಕಿಲೋ ತೂಗುತ್ತದೆ. ಹಳೆಯ ರೈತರು ಅದನ್ನು 'ಕೈಯೋಟ್' ಅಂತಲೇ ಕರೆಯುತ್ತಾರೆ. ಕುರಿಮರಿ, ಆಗಷ್ಟೇ ಹುಟ್ಟಿದ ಕರು ಅದರ ಬಾಯಿಗೆ ಬೀಳುವುದುಂಟು. ಹಾಗಾಗಿ ಟೆಕ್ಸಾಸ್, ವಯೋಮಿಂಗ್, ನೆಬ್ರಾಸ್ಕಾದಂಥ ರಾಜ್ಯಗಳಲ್ಲಿ ಇದರ ಬೇಟೆಗೆ ವರ್ಷವಿಡೀ ಅವಕಾಶ ಇದೆ. ನೆಬ್ರಾಸ್ಕಾದ ನಿವಾಸಿಗಳಿಗೆ ಪರ್ಮಿಟ್ಟೂ ಬೇಕಿಲ್ಲ. ಎಲ್ಲರೂ ಇದನ್ನು ಒಪ್ಪುತ್ತಾರೆ ಅಂತಲ್ಲ. ಬಹುಮಾನ ಇಟ್ಟು ಕಯೋಟಿ ಕೊಲ್ಲುವ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ, ವರ್ಮಾಂಟ್ 2018ರಲ್ಲಿ ನಿಲ್ಲಿಸಿದವು. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಕಾಯ್ದೆ ನರಿಯನ್ನೂ ತೋಳವನ್ನೂ ಕಾಯುತ್ತದೆ. ಹಾಗಾಗಿ ಇದು ಅಲ್ಲಿಯ ಮಾತು. ನಾನು ಟ್ರಿಗರ್ ಮುಟ್ಟಿದವನಲ್ಲ, ಪಕ್ಕದಲ್ಲಿ ಕೂತು ನೋಡಿದವನು. ನನ್ನನ್ನು ಹಿಡಿದು ಕೂರಿಸಿದ್ದು ಇದರ ಹಿಂದಿರುವ ಲೆಕ್ಕ.

ಕಯೋಟಿ ನೋಡೋದಕ್ಕೆ ದೊಡ್ಡದು. ಆದರೆ ಅರ್ಧಕ್ಕರ್ಧ ಬರೀ ತುಪ್ಪಳ. ಚಳಿಗಾಲದಲ್ಲಂತೂ ಕಂಬಳಿ ಹೊದ್ದ ಹಾಗೆ. ಒಳಗೆ ಹೃದಯ, ಶ್ವಾಸಕೋಶ ಇರುವ ಜಾಗ ಎಷ್ಟು? ಸಿಪ್ಪೆ ಸುಲಿದ ಒಂದು ತೆಂಗಿನಕಾಯಿಯಷ್ಟು. ಅಡ್ಡಳತೆ ನಾಲ್ಕು ಇಂಚು, ಜಾಸ್ತಿ ಅಂದ್ರೆ ಐದು. ಅಲ್ಲಿಗೆ ಬಿದ್ದರೆ ಪ್ರಾಣಿ ನಿಂತಲ್ಲೇ ಮುಗಿಯುತ್ತದೆ. ತಪ್ಪಿ ಹೊಟ್ಟೆಗೋ ಕಾಲಿಗೋ ಬಿದ್ದರೆ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗೆ ಈ ಗುರಿ ಎಷ್ಟು ಸಣ್ಣದು ಅಂತ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಲೆಕ್ಕವೆಲ್ಲ ಈ ಕಾಯಿಯ ಮೇಲೆ: ಗುಂಡು ನಡು ಗುರಿಯಿಂದ ಎರಡು ಇಂಚು ಆಚೀಚೆ ಆದರೆ ಪರವಾಗಿಲ್ಲ, ಮೂರಾದರೆ ಕೆಟ್ಟಿತು.

ಇನ್ನು ಡಬ್ಬಿಯ ಮೇಲಿನ ಸಂಖ್ಯೆಗಳು. ತೋಟಾ ಅಂದರೆ ಹಿತ್ತಾಳೆ ಕೊಳವೆ, ಹಿಂದೆ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು, ಎಲ್ಲ ಸೇರಿದ್ದು. ಗುರಿಗೆ ಹೋಗುವುದು ಗುಂಡು ಮಾತ್ರ. .223 ಅನ್ನುವುದು ಹೆಚ್ಚುಕಡಿಮೆ ಗುಂಡಿನ ಅಡ್ಡಳತೆ, ಇಂಚಿನ ಲೆಕ್ಕದಲ್ಲಿ. ಹೆಚ್ಚುಕಡಿಮೆ ಯಾಕೆ ಅಂದರೆ ನಿಜವಾದ ಅಳತೆ .224. ಇನ್ನೂ ವಿಚಿತ್ರ, .22-250ರ ಗುಂಡೂ ಅದೇ .224. ಎರಡಕ್ಕೂ ಅದೇ ಗುಂಡು ಹಾಕಬಹುದು. ಬೇರೆಯಾಗುವುದು ಹಿಂದಿನ ಮದ್ದಿನ ಪ್ರಮಾಣ. .22-250 ಅಂದರೆ .250 ಸ್ಯಾವೇಜ್ ಅನ್ನುವ ದೊಡ್ಡ ತೋಟಾದ ಕತ್ತನ್ನು ಹಿಸುಕಿ ಸಣ್ಣ ಗುಂಡು ಕೂರಿಸಿದ್ದು. ಮೊದಲು ಹವ್ಯಾಸಿಗಳು ತಾವೇ ಮಾಡಿಕೊಳ್ಳುತ್ತಿದ್ದರು. ರೆಮಿಂಗ್ಟನ್ ಕಂಪನಿ ಅದನ್ನು 1965ರಲ್ಲಿ ಅಂಗಡಿಗೆ ತಂದಿತು.

ಗ್ರೇನ್ ಅನ್ನುವುದು ಗುಂಡಿನ ತೂಕ. 7000 ಗ್ರೇನಿಗೆ ಒಂದು ಪೌಂಡ್. ಹಳೆಯ ಕಾಲದ ಕಾಳಿನ ತೂಕ ಇದು, ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. ಒಂದು ಗುಲಗಂಜಿ ಅಂದರೆ ಸುಮಾರು ಎರಡು ಗ್ರೇನ್. 55 ಗ್ರೇನಿನ ಗುಂಡು ತೂಗಿದರೆ ಮೂರೂವರೆ ಗ್ರಾಂ, ಹತ್ತಿರ ಹತ್ತಿರ ಮೂವತ್ತು ಗುಲಗಂಜಿ. ಅಷ್ಟೇ. ಒಂದು ಸಣ್ಣ ಓಲೆಯ ತೂಕ.

ಆ ಓಲೆಯ ತೂಕದ್ದು ಎಷ್ಟು ಜೋರಾಗಿ ಹೋಗುತ್ತದೆ ನೋಡಿ. .223ರ 55 ಗ್ರೇನ್ ಗುಂಡು ಸೆಕೆಂಡಿಗೆ 3240 ಅಡಿ. .22-250ರಲ್ಲಿ ಅದೇ ಗುಂಡು 3680 ಅಡಿ, ಅಂದರೆ ಸದ್ದಿನ ವೇಗಕ್ಕಿಂತ ಮೂರು ಪಟ್ಟು ಜಾಸ್ತಿ. .204 ರೂಗರ್‌ನಲ್ಲಿ 32 ಗ್ರೇನಿನ ಸಣ್ಣ ಗುಂಡು 4225 ಅಡಿ. ಈ .204 ಬಂದದ್ದು 2004ರಲ್ಲಿ, ಹಾರ್ನಡಿ ಮತ್ತು ರೂಗರ್ ಕಂಪನಿಗಳು ಸೇರಿ ಮಾಡಿದ್ದು. ಹಾರ್ನಡಿಯ ಊರು ನೆಬ್ರಾಸ್ಕಾದ ಗ್ರ್ಯಾಂಡ್ ಐಲ್ಯಾಂಡ್. ಹಾಗಾಗಿ ನಮ್ಮ ಯಜಮಾನರಿಗೆ ಅದರ ಮೇಲೆ ಸ್ವಲ್ಪ ತವರಿನ ಮಮತೆ.

ಇವುಗಳ ಕೆಳಗೆ ಇನ್ನೊಂದು ಗುಂಪಿದೆ. .22 ಎಲ್‌ಆರ್, .17 ಎಚ್‌ಎಂಆರ್. ಅಗ್ಗ, ಸದ್ದು ಕಡಿಮೆ, ಮೊಲಕ್ಕೆ ಸಾಕು. ಕಯೋಟಿಗೆ ಬೇಡ ಅನ್ನುವುದು ನನ್ನ ಮಟ್ಟಿಗೆ ನೇರ ಉತ್ತರ. .17 ಎಚ್‌ಎಂಆರ್‌ನ 17 ಗ್ರೇನ್ ಗುಂಡು 100 ಗಜ ತಲುಪುವಷ್ಟರಲ್ಲಿ ಉಳಿಯುವ ಶಕ್ತಿ ಸುಮಾರು 185 ಜೂಲ್. .223 ಗುಂಡು 300 ಗಜ ದಾಟಿದ ಮೇಲೂ 780 ಜೂಲ್ ಇಟ್ಟುಕೊಂಡಿರುತ್ತದೆ. ಹತ್ತಿರದಿಂದ ತಲೆಗೆ ಸರಿಯಾಗಿ ಬಿದ್ದರೆ ಸಣ್ಣದೂ ಕೊಲ್ಲುತ್ತದೆ, ನಿಜ. ಆದರೆ ಕಯೋಟಿ ಒಂದು ಕಡೆ ಸುಮ್ನೆ ನಿಲ್ಲುವ ಪ್ರಾಣಿಯಲ್ಲ. 1930ರ .22 ಹಾರ್ನೆಟ್ ಇವೆರಡರ ನಡುವಿನದ್ದು, 150 ಗಜದೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹಾಗಾದರೆ ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ? ಅಂಗಡಿಯಲ್ಲಿ ಎಲ್ಲರೂ ಜಾರಿ ಬೀಳುವುದು ಇಲ್ಲೇ.

ಗುಂಡು ನಳಿಗೆ ಬಿಟ್ಟ ಕ್ಷಣದಿಂದ ನೆಲದ ಕಡೆ ಬೀಳುತ್ತಲೇ ಹೋಗುತ್ತದೆ. ಅದಕ್ಕೇ ನಳಿಗೆಯ ಮೂತಿ ಒಂದು ಚೂರು ಮೇಲಕ್ಕೆ ಇರುವ ಹಾಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುತ್ತಾರೆ. 200 ಗಜಕ್ಕೆ ಕೂರಿಸಿದರೆ .223ರ 55 ಗ್ರೇನ್ ಗುಂಡು 100 ಗಜದಲ್ಲಿ ಒಂದೂವರೆ ಇಂಚು ಮೇಲಿರುತ್ತದೆ. 200ರಲ್ಲಿ ಸರಿಯಾಗಿ ಗುರಿಗೆ. 300ರಲ್ಲಿ 7 ಇಂಚು ಕೆಳಗೆ. 400ರಲ್ಲಿ 21 ಇಂಚು ಕೆಳಗೆ, ಅಂದರೆ ಪ್ರಾಣಿಯ ಕಾಲಡಿಯ ಮಣ್ಣಿಗೆ. ಇದೇ ಲೆಕ್ಕದಲ್ಲಿ .22-250 ಗುಂಡು 300 ಗಜಕ್ಕೆ 5 ಇಂಚು ಇಳಿಯುತ್ತದೆ, .204 ಗುಂಡು 4 ಇಂಚು.

ಈಗ ತೆಂಗಿನಕಾಯಿ ತನ್ನಿ. ನಡುವಿಗೇ ಗುರಿ ಇಟ್ಟು ಹೊಡೆದರೆ ಎರಡು ಇಂಚಿಗಿಂತ ಕೆಳಗೆ ಬೀಳದೆ ಎಷ್ಟು ದೂರ ಹೋಗಬಹುದು? .223 ಸುಮಾರು 230 ಗಜ. .22-250 ಸುಮಾರು 245. ಅಷ್ಟೊಂದು ಹಾರಾಡುವ .204 ಸುಮಾರು 255. ಸೆಕೆಂಡಿಗೆ ಸಾವಿರ ಅಡಿ ಹೆಚ್ಚಿಗೆ ವೇಗ ಕೊಟ್ಟು ಕೊಂಡುಕೊಂಡದ್ದು 25 ಗಜ, ಒಂದು ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಜಾಸ್ತಿ. ಸ್ಕೋಪನ್ನು ಇನ್ನೂ ದೂರಕ್ಕೆ ಕೂರಿಸಿದರೆ ಈ ಅಂತರ ಒಂದಷ್ಟು ಹೆಚ್ಚುತ್ತದೆ, ಎರಡು ಪಿಚ್ ಅನ್ನಿ. ಅದಕ್ಕಿಂತ ಜಾಸ್ತಿ ಇಲ್ಲ. ಇಳಿತ ಹೇಗೂ ಲೆಕ್ಕಕ್ಕೆ ಸಿಗುವ ವಿಷಯ. ದೂರ ಗೊತ್ತಿದ್ದರೆ ಇಳಿತ ಗೊತ್ತು. ದೂರ ಅಳೆಯುವ ಲೇಸರ್ ಯಂತ್ರ ಈಗ ಎಲ್ಲರ ಕುತ್ತಿಗೆಯಲ್ಲೂ ನೇತಾಡುತ್ತದೆ.

ಗಾಳಿಗೆ ಅಂಥ ಯಂತ್ರ ಇಲ್ಲ. ಗಾಳಿ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ, ಆದರೆ ಅದು ಹೇಳುವುದು ನೀವು ಕೂತಲ್ಲಿನ ಗಾಳಿಯನ್ನು. ಆಚೆ ದಿಬ್ಬದ ಮೇಲೆ ಬೀಸುವುದು ಬೇರೆ, ನಡುವಿನ ತಗ್ಗಿನಲ್ಲಿ ಸುಳಿಯುವುದು ಬೇರೆ.

ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಅಂತಿಟ್ಟುಕೊಳ್ಳಿ. ನೆಬ್ರಾಸ್ಕಾದಲ್ಲಿ ಅದನ್ನು ಗಾಳಿ ಅಂತಲೇ ಕರೆಯಲ್ಲ. .223ರ 55 ಗ್ರೇನ್ ಗುಂಡನ್ನು ಅದು 100 ಗಜದಲ್ಲಿ ಒಂದು ಇಂಚು ತಳ್ಳುತ್ತದೆ. 200 ಗಜದಲ್ಲಿ ನಾಲ್ಕು ಇಂಚು. 300 ಗಜದಲ್ಲಿ ಹತ್ತು. 400ರಲ್ಲಿ ಇಪ್ಪತ್ತರ ಹತ್ತಿರ. ದೂರ ಎರಡು ಪಟ್ಟಾದರೆ ತಳ್ಳಾಟ ನಾಲ್ಕು ಪಟ್ಟು. ಗಾಳಿಯನ್ನು ಲೆಕ್ಕಕ್ಕೇ ಇಡದೆ ಹೊಡೆದರೆ 140 ಗಜದ ಹೊತ್ತಿಗೇ ಗುಂಡು ಕಾಯಿಯ ಅಂಚಿಗೆ ಬಂದಿರುತ್ತದೆ. ಡಬ್ಬಿಯ ಲೆಕ್ಕದಲ್ಲಿ 230 ಗಜ ಇದ್ದದ್ದು ಗಾಳಿಯ ಲೆಕ್ಕದಲ್ಲಿ 140ಕ್ಕೆ ಇಳಿಯಿತು.

ವೇಗದ ತೋಟಾ ತಂದರೆ ತಪ್ಪಿಸಿಕೊಳ್ಳಬಹುದಾ? .22-250ರಲ್ಲಿ ಅದೇ ಗುಂಡು 300 ಗಜಕ್ಕೆ ಒಂಬತ್ತು ಇಂಚು ಸರಿಯುತ್ತದೆ. .204ರ 32 ಗ್ರೇನಿನದ್ದೂ ಅಷ್ಟೇ. ಹತ್ತರಿಂದ ಒಂಬತ್ತು, ಅಷ್ಟೇ ಲಾಭ. ಕಾರಣ, ಹಗುರ ಗುಂಡು ಶಟಲ್‌ಕಾಕ್ ಇದ್ದ ಹಾಗೆ. ರ‍್ಯಾಕೆಟ್ ಬಿಟ್ಟಾಗ ಭಾರೀ ವೇಗ, ಅರ್ಧ ದಾರಿಯಲ್ಲೇ ಸುಸ್ತು. ಗಾಳಿಯನ್ನು ಸೀಳಿಕೊಂಡು ವೇಗ ಉಳಿಸಿಕೊಳ್ಳುವ ಗುಣಕ್ಕೆ ಬ್ಯಾಲಿಸ್ಟಿಕ್ ಕೋಎಫಿಶಿಯಂಟ್ ಅನ್ನುತ್ತಾರೆ. ಡಬ್ಬಿಯ ಮೇಲೆ ಅಥವಾ ಕಂಪನಿಯ ಪಟ್ಟಿಯಲ್ಲಿ .255 ಅಂತಲೋ .400 ಅಂತಲೋ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಉದ್ದನೆಯ, ಭಾರದ ಗುಂಡಿಗೆ ಇದು ಜಾಸ್ತಿ. 1955ರ .243 ವಿಂಚೆಸ್ಟರ್‌ನಲ್ಲಿ 87 ಗ್ರೇನ್ ಗುಂಡನ್ನು ಹೆಚ್ಚುಕಡಿಮೆ .223ರ ವೇಗದಲ್ಲೇ ಬಿಟ್ಟರೆ ಅದೇ ಗಾಳಿಗೆ 300 ಗಜದಲ್ಲಿ ಆರೂವರೆ ಇಂಚು ಮಾತ್ರ ಸರಿಯುತ್ತದೆ. ಗಾಳಿ ಜಾಸ್ತಿ ಇರುವ ಬಯಲಿನವರು .243 ಹಿಡಿಯುವುದು ಇದಕ್ಕೇ. ಬದಲಿಗೆ ಭುಜಕ್ಕೆ ಒದೆತ ಜಾಸ್ತಿ, ಒದೆತದಲ್ಲಿ ಸ್ಕೋಪ್ ಮೇಲಕ್ಕೆ ಹಾರಿ ಗುಂಡು ಬಿದ್ದ ಜಾಗ ಕಣ್ಣಿಗೆ ಸಿಗಲ್ಲ. ಜೊತೆಗೆ ತುಪ್ಪಳವೂ ಹರಿದುಹೋಗುತ್ತದೆ.

ಭಾರದ ಗುಂಡನ್ನು .223ರಲ್ಲೇ ಹಾಕಬಹುದಲ್ಲ ಅನ್ನಬಹುದು. ಹಾಕಬಹುದು, ನಳಿಗೆ ಒಪ್ಪಿದರೆ. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ, ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ಬಿಡಲಿಕ್ಕೆ. ಉದ್ದನೆಯ ಗುಂಡಿಗೆ ಜಾಸ್ತಿ ತಿರುವು ಬೇಕು. ಇಲ್ಲದಿದ್ದರೆ ಸುಸ್ತಾದ ಬುಗುರಿಯ ಹಾಗೆ ತೂರಾಡಿ ಎಲ್ಲೆಲ್ಲೋ ಹೋಗುತ್ತದೆ. 12 ಇಂಚಿಗೆ ಒಂದು ಸುತ್ತು ಹಾಕುವ ಹಳೆಯ .223 ನಳಿಗೆಗೆ 55 ಗ್ರೇನ್ ಹತ್ತಿರ ಹತ್ತಿರ ಮಿತಿ. 9 ಇಂಚಿಗೆ ಒಂದು ಸುತ್ತಿನದ್ದು 69 ಗ್ರೇನ್ ತಾಳುತ್ತದೆ. 7 ಇಂಚಿನದ್ದು 77ನ್ನೂ ತಾಳುತ್ತದೆ. ಹಳೆಯ .22-250ಗಳು ಸಾಮಾನ್ಯವಾಗಿ 14 ಇಂಚಿಗೆ ಒಂದು ಸುತ್ತು. ಅವುಗಳಿಗೆ ಹಗುರ ಗುಂಡೇ ಗತಿ. ಈ ಅಂಕಿ ಹೆಚ್ಚಾಗಿ ನಳಿಗೆಯ ಮೇಲೇ ಕೊರೆದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಓದಿಕೊಂಡು ಹೋದರೆ ದುಡ್ಡು ಉಳಿಯುತ್ತದೆ.

ಇಷ್ಟಾದರೂ 'ಬಂದೂಕಿಗೆ ಇಷ್ಟ' ಅಂದರೆ ಏನು ಅಂತ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಯಜಮಾನರು ಕೊಟ್ಟಿಗೆಯ ಹಿಂದೆ ಮೇಜು ಹಾಕಿ, ಮರಳಿನ ಚೀಲದ ಮೇಲೆ ರೈಫಲ್ ಮಲಗಿಸಿ, 100 ಗಜ ಆಚೆ ಕಾಗದ ನೆಟ್ಟು ತೋರಿಸಿದರು. ಎರಡು ಬೇರೆ ಬೇರೆ ಕಂಪನಿಯ ಡಬ್ಬಿ, ಎರಡೂ .223, ಎರಡೂ 55 ಗ್ರೇನ್. ಮೊದಲನೆಯದರಲ್ಲಿ ಮೂರು ಈಡು. ನನ್ನ ಪರ್ಸಿನಲ್ಲಿ ಉಳಿದುಕೊಂಡಿದ್ದ ಐದು ರೂಪಾಯಿ ನಾಣ್ಯ ಇಟ್ಟೆ, ಮೂರೂ ತೂತು ಅದರಡಿ ಮುಚ್ಚಿಹೋದವು. ಎರಡನೆಯದರಲ್ಲಿ ಮತ್ತೆ ಮೂರು. ಈ ಸಲ ಅಂಗೈ ಅಗಲಿಸಿ ಇಡಬೇಕಾಯಿತು. ಬಂದೂಕು ಅದೇ, ಕೈ ಅದೇ, ಗಾಳಿ ಅದೇ. ಈಡು ಹಾರುವಾಗ ನಳಿಗೆ ತಂತಿಯ ಹಾಗೆ ನಡುಗುತ್ತದೆ. ಒಂದೊಂದು ತೋಟಾಕ್ಕೆ ಒಂದೊಂದು ತರ. ಯಾವುದು ಹೊಂದುತ್ತದೆ ಅಂತ ಹೊಡೆದು ನೋಡದೆ ಹೇಳೋದು ಕಷ್ಟ. ದುಬಾರಿ ಡಬ್ಬಿಯೇ ಹೊಂದುತ್ತದೆ ಅಂತೇನಿಲ್ಲ. ಅವತ್ತು ಅಂಗೈ ಅಗಲ ಚೆದುರಿದ್ದು ದುಬಾರಿಯದ್ದೇ.

ಇದರ ಮುಂದಿನ ಲೆಕ್ಕ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸಿದ್ದು. ಮೇಜಿನ ಮೇಲೆ 100 ಗಜಕ್ಕೆ ಒಂದು ಇಂಚು ಚೆದುರುವ ರೈಫಲ್ 300 ಗಜಕ್ಕೆ ಮೂರು ಇಂಚು ಚೆದುರುತ್ತದೆ. ಕಾಯಿಯೊಳಗೇ ಇದೆ. ಆದರೆ ಹೊಲದಲ್ಲಿ ಮೇಜು ಎಲ್ಲಿದೆ? ಹಿಮದಲ್ಲಿ ಕುಂಡೆ ಊರಿ, ಎರಡು ಕವಲುಕೋಲಿನ ಮೇಲೆ ನಳಿಗೆ ಇಟ್ಟು, ಎದೆ ಡವಡವ ಅನ್ನುತ್ತಿರುವಾಗ ಹೊಡೆಯಬೇಕು. ಆಗ ಅದೇ ಮನುಷ್ಯನ ಈಡು 100 ಗಜಕ್ಕೆ ಮೂರು ಇಂಚು ಚೆದುರಿದರೆ ಅದು ಒಳ್ಳೆಯ ಗುರಿಕಾರನ ಲಕ್ಷಣವೇ. ಮೂರು ಇಂಚು ಅಂದರೆ 200 ಗಜಕ್ಕೆ ಆರು. ಕಾಯಿ ದಾಟಿ ಹೋಯಿತು. ನಾಲ್ಕು ಇಂಚಿನೊಳಗೆ ಉಳಿಯುವುದು 130, 140 ಗಜದವರೆಗೆ. ಅವರ ನಿಜವಾದ ದೂರ ಅದು. ಕೈಯಲ್ಲಿರುವುದು .223 ಆಗಲಿ, .22-250 ಆಗಲಿ, ಅದೇ 140. ಮಲಗಿ ಹೊಡೆಯಲು ಜಾಗ ಸಿಕ್ಕರೆ, ಗಾಳಿ ನಿಂತಿದ್ದರೆ, 250 ಆಗಬಹುದು. ಹಾಗಾಗಿ 'ಈ ತೋಟಾದ ರೇಂಜ್ ಎಷ್ಟು' ಅನ್ನುವ ಪ್ರಶ್ನೆಗೆ ಡಬ್ಬಿಯ ಮೇಲೆ ಉತ್ತರ ಇರಲ್ಲ. ಬೆಳಿಗ್ಗೆ ಇದ್ದ ಉತ್ತರ ಗಾಳಿ ಎದ್ದ ಮೇಲೆ ಮಧ್ಯಾಹ್ನಕ್ಕೆ ಬೇರೆಯಾಗಿರುತ್ತದೆ.

ಸಮಾಧಾನದ ವಿಷಯ ಏನೆಂದರೆ ಅಷ್ಟು ದೂರ ಹೊಡೆಯುವ ಅಗತ್ಯವೇ ಕಡಿಮೆ. ಗಾಯಗೊಂಡ ಮೊಲದ ಕಿರುಚಾಟದಂಥ ಸದ್ದು ಮಾಡಿ ಕಯೋಟಿಯನ್ನು ಕರೆಯುತ್ತಾರೆ. ಬರುವ ಕಯೋಟಿ ಹೆಚ್ಚಾಗಿ ನೂರು, ನೂರೈವತ್ತು ಗಜದೊಳಗೇ ಬರುತ್ತದೆ. ಬರುವಾಗ ನೇರ ಬರಲ್ಲ, ಸುತ್ತು ಹಾಕಿ ಗಾಳಿ ಬೀಸಿಹೋಗುವ ಕಡೆಯಿಂದ ವಾಸನೆ ನೋಡುತ್ತದೆ. ಕೂರುವ ಜಾಗ ಸರಿಯಾಗಿ ಆರಿಸಿದವನು .223ರಲ್ಲಿ ಮಾಡುವ ಕೆಲಸವನ್ನು ತಪ್ಪು ಜಾಗದಲ್ಲಿ ಕೂತವನು ಎಂಥ ದುಬಾರಿ ತೋಟಾದಲ್ಲೂ ಮಾಡಲಾರ.

ಗುಂಡಿನ ಜಾತಿಯ ಬಗ್ಗೆಯೂ ಹೇಳಬೇಕು. ಪೂರ್ತಿ ತಾಮ್ರದ ಹೊದಿಕೆ ಇರುವ, ಮಿಲಿಟರಿ ತರದ ಗುಂಡು ಅಗ್ಗ. ಆದರೆ ಅದು ಸೂಜಿಯ ಹಾಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೋಗಿಬಿಡಬಹುದು, ಪ್ರಾಣಿ ಓಡಿಹೋಗಬಹುದು. ಅದು ಬೇಡ. ಕಯೋಟಿಗೆ ಹೆಚ್ಚಿನವರು ತರುವುದು ಪ್ಲಾಸ್ಟಿಕ್ ಮೂತಿಯ ತೆಳು ಹೊದಿಕೆಯ ಗುಂಡು. ಒಳಹೊಕ್ಕ ಕೂಡಲೇ ಮೂತಿ ಹಿಂದಕ್ಕೆ ಒತ್ತಿ ಗುಂಡು ಒಡೆದು ಚೂರಾಗುತ್ತದೆ. ಬಲವೆಲ್ಲ ಒಳಗೇ ಖರ್ಚು. ಹೊರಗೆ ಒಂದು ಸಣ್ಣ ತೂತು, ಆಚೆ ಬದಿಯಲ್ಲಿ ಏನೂ ಇಲ್ಲ. ತುಪ್ಪಳ ಮಾರುವವರಿಗೆ ಇದೇ ಬೇಕು. .204 ಅವರ ಮೆಚ್ಚಿನದಾಗಿದ್ದೂ ಇದಕ್ಕೇ. ತೊಂದರೆ ಎಲ್ಲಿ ಅಂದರೆ, ತೀರಾ ತೆಳುವಾದ ಗುಂಡು ಹತ್ತಿರದಿಂದ ಭುಜದ ಮೂಳೆಗೆ ಬಡಿದರೆ ಮೇಲ್ಮೈಯಲ್ಲೇ ಸಿಡಿದುಬಿಡುತ್ತದೆ. ದೊಡ್ಡ ಗಾಯ, ಆಳ ಇಲ್ಲ, ಪ್ರಾಣಿ ಸಾಯುವುದೂ ಇಲ್ಲ. 32 ಗ್ರೇನಿಗಿಂತ 40 ಗ್ರೇನಿನ .204, 40ಕ್ಕಿಂತ 55ರ .223 ವಾಸಿ ಅನ್ನುವುದು ಅದಕ್ಕೆ. ತುಪ್ಪಳದ ವ್ಯಾಪಾರವೂ ಈಗ ಮೊದಲಿನ ಹಾಗಿಲ್ಲ. ಜಾಕೆಟ್ಟಿನ ಟೋಪಿಗೆ ಕಯೋಟಿ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ ಅದನ್ನು ಕೈಬಿಡುತ್ತೇವೆ ಅಂತ 2021ರಲ್ಲಿ ಹೇಳಿತು.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕವೇ ಬೇರೆ. ಸೀಸದ ಗುಂಡಿನ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಹಾಗಾಗಿ 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದವಾದರೆ ಮತ್ತೆ ಆ ಬುಗುರಿಯ ಪ್ರಶ್ನೆ.

ಡಬ್ಬಿಯ ಮೇಲಿನ ವೇಗವನ್ನು ಹಾಗೇ ನಂಬುವ ಹಾಗೂ ಇಲ್ಲ. ಅದನ್ನು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದಿರುತ್ತಾರೆ. ಈಗ ಜನ ಹಿಡಿಯುವ, ಮಿಲಿಟರಿ ಬಂದೂಕಿನ ಮಾದರಿಯ ಎಆರ್ ರೈಫಲ್‌ನ ನಳಿಗೆ ಹೆಚ್ಚಾಗಿ 16 ಇಂಚು. ಅಲ್ಲೇ ಸೆಕೆಂಡಿಗೆ 200 ಅಡಿಗೂ ಮಿಕ್ಕಿ ಹೋಯಿತು. ಇನ್ನೊಂದು, .223 ಮತ್ತು 5.56 ನೋಡಲು ಒಂದೇ. ಆದರೆ 5.56 ಮಿಲಿಟರಿ ತೋಟಾವನ್ನು .223 ಅಂತ ಬರೆದ ರೈಫಲ್‌ಗೆ ಹಾಕಬಾರದು, ಒಳಗಿನ ಒತ್ತಡ ಮಿತಿ ಮೀರಬಹುದು. ಮನೆಯಲ್ಲೇ ತೋಟಾ ತುಂಬುವವರಿಗೆ ಮದ್ದಿನ ಕಂಪನಿಯ ಪುಸ್ತಕ ಬಿಟ್ಟು ಬೇರೆ ಯಾರ ಮಾತೂ ಬೇಡ, ನನ್ನದಂತೂ ಬೇಡವೇ ಬೇಡ.

ತಪ್ಪಿದ ಗುಂಡು ಎರಡು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ದಿಬ್ಬದ ನೆತ್ತಿಯ ಮೇಲೆ, ಬರೀ ಆಕಾಶದ ಮುಂದೆ ನಿಂತ ಕಯೋಟಿಗೆ ಹೊಡೆಯಬಾರದು ಅನ್ನುವುದು ಅದಕ್ಕೆ. ಹಿಂದೆ ಮಣ್ಣಿರಬೇಕು. ಇನ್ನು ಅದು ಕಯೋಟಿಯೇ ಹೌದಾ ಅನ್ನುವುದೂ ಖಾತ್ರಿ ಇರಬೇಕು. ಉತ್ತರ ಕ್ಯಾರೊಲೈನಾದಲ್ಲಿ ಅಳಿವಿನಂಚಿನ ಕೆಂಪು ತೋಳಗಳನ್ನು ಕಯೋಟಿ ಅಂತ ತಪ್ಪು ತಿಳಿದು ಜನ ಕೊಂದರು. 2014ರಲ್ಲಿ ನ್ಯಾಯಾಲಯ ಅಲ್ಲಿನ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನೇ ತಡೆಯಿತು.

ಯಜಮಾನರ ರೈಫಲ್‌ನ ಹಿಂಬದಿಯ ಮರಕ್ಕೆ ಒಂದು ತುಂಡು ಬಿಳಿ ಟೇಪ್ ಅಂಟಿಸಿತ್ತು. ಅದರ ಮೇಲೆ ಪೆನ್ನಿನಲ್ಲಿ ಬರೆದ ಅಂಕಿಗಳು. 100ಕ್ಕೆ ಒಂದೂವರೆ ಮೇಲೆ. 200ಕ್ಕೆ ಸೊನ್ನೆ. 250ಕ್ಕೆ ಮೂರು ಕೆಳಗೆ. ಅಲ್ಲಿಗೆ ಪಟ್ಟಿ ಮುಗಿದಿತ್ತು. ಟೇಪಿನಲ್ಲಿ ಇನ್ನೂ ಎರಡು ಬೆರಳು ಜಾಗ ಖಾಲಿ ಇತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಒಣಹುಲ್ಲಿನ ಮರೆಯಲ್ಲಿ ಕೂತಿದ್ದೆವು. ಕರೆ ಶುರುವಾಗಿ ಹನ್ನೆರಡು ನಿಮಿಷಕ್ಕೆ ಎದುರಿನ ಇಳಿಜಾರಿನಲ್ಲಿ ಒಂದು ಕಯೋಟಿ ಬಂದು ಕೂತಿತು. ಲೇಸರ್‌ನಲ್ಲಿ 310. ಹಿಂದೆ ಮಣ್ಣಿತ್ತು, ಪ್ರಾಣಿ ಅಡ್ಡಡ್ಡ ಕೂತಿತ್ತು, ಹುಲ್ಲಿನ ತುದಿ ಎಡದಿಂದ ಬಲಕ್ಕೆ ಬಾಗಿತ್ತು. ಅವರು ಸ್ಕೋಪಿನಲ್ಲಿ ಒಂದು ಸಲ ನೋಡಿ, ಬಾಯಿಯಲ್ಲೇ ಇಲಿಯ ಹಾಗೆ ಕೀಚು ಕೀಚು ಅಂದರು. ಅದು ಕಿವಿ ಎತ್ತಿತು, ಎದ್ದು ನಿಂತಿತು, ನಾಲ್ಕು ಹೆಜ್ಜೆ ಬಂತು. ಆಮೇಲೆ ಬಲಕ್ಕೆ ತಿರುಗಿ, ನಮ್ಮ ವಾಸನೆ ಸಿಗುವ ಕಡೆಗೆ ಹೋಗಿ, ಮೂಗೆತ್ತಿ, ದಿಬ್ಬದಾಚೆ ಇಳಿದುಹೋಯಿತು. ಯಜಮಾನರು ತೋಟಾ ಹೊರತೆಗೆದು ಜೇಬಿಗೆ ಹಾಕಿಕೊಂಡು, ಫ್ಲಾಸ್ಕಿನಿಂದ ನನಗೊಂದು ಲೋಟ ಕಾಫಿ ಬಗ್ಗಿಸಿಕೊಟ್ಟರು.